ಟವರ್ ಬಾಡಿಗೆಯ ಇಮೇಲ್: ಮುಂಗಡ ಯಾರು ಯಾರಿಗೆ?

ನಮ್ಮ ಸೊರಬ, ಶಿಕಾರಿಪುರ ಕಡೆ ನೆಟ್‌ವರ್ಕ್ ಸರಿಯಾಗಿ ಸಿಗದ ಮೂಲೆಗಳು ಇನ್ನೂ ಇವೆ. ಹಾಗಾಗಿ ‘ನಿಮ್ಮ ಜಮೀನಿನಲ್ಲಿ ಮೊಬೈಲ್ ಟವರ್ ಹಾಕ್ತೇವೆ, ಲಕ್ಷಗಟ್ಟಲೆ ಮುಂಗಡ, ತಿಂಗಳು ತಿಂಗಳು ಬಾಡಿಗೆ’ ಎಂಬ ಇಮೇಲ್ ಬಂದರೆ ನಂಬುವುದು ಸಹಜ. ಮೆಕ್ಕೆಜೋಳ ಬಿತ್ತಿ ಮಳೆ ಕಾಯುವವರಿಗೆ ಕೂತಲ್ಲೇ ಬಾಡಿಗೆ ಅಂದ್ರೆ ಸಣ್ಣ ಮಾತಲ್ಲ.

ಇಂಥ ಪತ್ರವನ್ನು ನಾನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಅಸಲು ವಿಷಯ ಇರುವುದು ಕೊನೆಯಲ್ಲಿ: ‘ನೋಂದಣಿ ಶುಲ್ಕ ಕಟ್ಟಿ.’ ಕಟ್ಟಿದರೆ ಅಲ್ಲಿಗೆ ಮುಗಿಯಲ್ಲ. ಆಮೇಲೆ ಕರಾರಿನ ಖರ್ಚು, ತೆರಿಗೆ, ವಿಮೆ. ಮೊದಲು ಕೊಟ್ಟದ್ದು ಹೋದೀತೆಂಬ ಹೆದರಿಕೆಯಿಂದಲೇ ಜನ ಮತ್ತೆ ಕೊಡುತ್ತಾರೆ. ಮೋಸಗಾರರ ಬಂಡವಾಳ ಅದೇ.

ಜೊತೆಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ‘ಟ್ರಾಯ್’ನ, ಒಪ್ಪಿಗೆ ಪತ್ರ ಇಟ್ಟಿದ್ದರಂತೂ ಅನುಮಾನವೇ ಬೇಡ. ಟವರಿಗೆ ಜಾಗ ಪಡೆಯುವುದರಲ್ಲಿ ತನ್ನ ಪಾತ್ರವಿಲ್ಲ, ಅಂಥ ಪತ್ರ ತಾನು ಕೊಡುವುದಿಲ್ಲ ಎಂದು ಟ್ರಾಯ್ ಸ್ಪಷ್ಟವಾಗಿ ಹೇಳಿದೆ. ಜಾಗ ಬೇಕಾದವರು ದುಡ್ಡು ಕೊಡಬೇಕು, ಕೇಳಬಾರದು. ಅಡಿಕೆ ಕೊಳ್ಳಲು ಬಂದ ವ್ಯಾಪಾರಿ ನಮ್ಮ ಹತ್ತಿರವೇ ಮುಂಗಡ ಕೇಳಿದರೆ ಕೊಡ್ತೇವಾ?

ಪತ್ರದಲ್ಲಿರುವ ಲಿಂಕ್ ಒತ್ತಬೇಡಿ. ಪಹಣಿ, ಆಧಾರ್, ಪಾಸ್‌ಬುಕ್ಕಿನ ಪ್ರತಿ ಕಳಿಸಬೇಡಿ. ಓಟಿಪಿ ಹೇಳಬೇಡಿ. ನಮ್ಮ ಖಾತೆಗೆ ಹಣ ಬರಲು ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ; ಒತ್ತಿದರೆ ಹಣ ಹೋಗುತ್ತದೆ.

ಆಗಲೇ ಕಟ್ಟಿದ್ದರೆ ನಾಚಿಕೆ ಬಿಟ್ಟು ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟುತ್ತದೆ, ಹಿಡಿಯುವುದು ಕಷ್ಟವಾಗುತ್ತದೆ.