ಪ್ರೌಢರಲ್ಲಿ ಟೈಪ್ 1 ಮಧುಮೇಹ: ನೆರವು ಕೋರುವ ಬಗೆ

ಮಧುಮೇಹವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಐವತ್ತು ದಾಟಿದವರ ಸಕ್ಕರೆ ಕಾಯಿಲೆ. ಸಿಹಿ ಬಿಟ್ಟು ಮಾತ್ರೆ ನುಂಗಿದರೆ ಹತೋಟಿಗೆ ಬರುವಂಥದ್ದು. ಟೈಪ್ 1 ಮಧುಮೇಹವು ಮಕ್ಕಳಿಗೆ ಮಾತ್ರ ಬರುವುದೆಂಬ ತಿಳಿವಳಿಕೆಯೂ ಬಲವಾಗಿದೆ. ಆದರೆ ಮೂವತ್ತು, ನಲವತ್ತರ ವಯಸ್ಸಿನಲ್ಲಿ, ಸಂಸಾರದ ಭಾರವನ್ನೆಲ್ಲ ಹೊತ್ತು ದುಡಿಯುವ ಕಾಲದಲ್ಲಿಯೇ ಇದು ಎರಗುವುದುಂಟು. ದೇಹದ ರಕ್ಷಣಾ ವ್ಯವಸ್ಥೆಯು ತನ್ನದೇ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳನ್ನು ಶತ್ರುವೆಂದು ಭ್ರಮಿಸಿ ನಾಶಮಾಡುತ್ತದೆ. ಇನ್ಸುಲಿನ್ ಉತ್ಪತ್ತಿಯಾಗುವುದು ಆ ಕೋಶಗಳಲ್ಲಿಯೇ. ಅವು ಅಳಿದ ಮೇಲೆ ಜೀವನಪರ್ಯಂತ ಹೊರಗಿನಿಂದ ಇನ್ಸುಲಿನ್ ಪಡೆಯದೆ ಬೇರೆ ದಾರಿಯಿಲ್ಲ. ರೋಗಿಯ ಬಾಯಿಚಪಲವಾಗಲಿ ಸೋಮಾರಿತನವಾಗಲಿ ಇದಕ್ಕೆ ಕಾರಣವಲ್ಲ. ಈ ಮಾತನ್ನು ಮೊದಲೇ ಹೇಳಬೇಕಾಗಿದೆ. ಏಕೆಂದರೆ ನೆರವು ಕೇಳಲು ಬಂದವರಿಗೆ ಹಣಕ್ಕಿಂತ ಮೊದಲು ಉಪದೇಶ ಸಿಗುವುದೇ ಹೆಚ್ಚು.

ವಯಸ್ಸನ್ನು ನೋಡಿ ಟೈಪ್ 2 ಎಂದೇ ಭಾವಿಸಿ ಮಾತ್ರೆ ಕೊಡುವುದು ವಿರಳವಲ್ಲ. ಕೆಲವು ತಿಂಗಳು ಹಾಗೂ ಹೀಗೂ ನಡೆಯುತ್ತದೆ. ತೂಕ ಇಳಿಯುತ್ತದೆ, ದಾಹ ತೀರುವುದಿಲ್ಲ. ಒಂದು ದಿನ ವಾಂತಿ, ಹೊಟ್ಟೆನೋವು, ಏದುಸಿರು ಕಾಣಿಸಿಕೊಂಡು ಮಂಪರು ಕವಿಯುತ್ತದೆ. ಇದು ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಎಂಬ ಸ್ಥಿತಿ. ತಡಮಾಡಿದರೆ ಪ್ರಾಣಕ್ಕೇ ಸಂಚಕಾರ. ಗ್ಯಾಡ್ ಪ್ರತಿಕಾಯ ಮತ್ತು ಸಿ-ಪೆಪ್ಟೈಡ್ ಎಂಬ ರಕ್ತಪರೀಕ್ಷೆಗಳು ರೋಗದ ಬಗೆಯನ್ನು ನಿರ್ಧರಿಸಲು ವೈದ್ಯರಿಗೆ ನೆರವಾಗುತ್ತವೆ. ವೈದ್ಯರ ಪತ್ರದಲ್ಲಿ ಬರಿಯ ‘ಮಧುಮೇಹ’ ಎಂದಿರದೆ ‘ಟೈಪ್ 1’ ಎಂದು ಸ್ಪಷ್ಟವಾಗಿ ಬರೆದಿರಬೇಕು. ಆ ಒಂದು ಅಂಕಿ ಇಲ್ಲದಿದ್ದರೆ ಓದಿದವರು ಊರಿಗೆಲ್ಲ ಇರುವ ಕಾಯಿಲೆಯೆಂದು ಪತ್ರವನ್ನು ಪಕ್ಕಕ್ಕಿಡುತ್ತಾರೆ.

ಇನ್ನು ಖರ್ಚಿನ ಮಾತು. ದಿನಕ್ಕೆ 40 ಯೂನಿಟ್ ಬೇಕಾದ ರೋಗಿಗೆ ತಿಂಗಳಿಗೆ 1,200 ಯೂನಿಟ್. ಮಿಲಿಲೀಟರಿಗೆ 40 ಯೂನಿಟ್ ಇರುವ 10 ಮಿಲಿಲೀಟರ್ ಸೀಸೆಗಳಾದರೆ ಮೂರು ಬೇಕು. ಸಾಮಾನ್ಯ ಮಾನವ ಇನ್ಸುಲಿನ್ ಅಗತ್ಯ ಔಷಧಗಳ ಪಟ್ಟಿಯಲ್ಲಿದ್ದು ದರನಿಯಂತ್ರಣಕ್ಕೆ ಒಳಪಟ್ಟಿರುವುದರಿಂದ ಅಷ್ಟೇನೂ ದುಬಾರಿಯಲ್ಲ. ರಕ್ತಪರೀಕ್ಷೆಯ ಸ್ಟ್ರಿಪ್‌ಗಳ ಲೆಕ್ಕವೇ ಬೇರೆ. ದಿನಕ್ಕೆ ನಾಲ್ಕರಂತೆ ತಿಂಗಳಿಗೆ 120 ಬೇಕು. ಒಂದಕ್ಕೆ 20 ರೂಪಾಯಿ ಹಿಡಿದರೂ 2,400 ರೂಪಾಯಿ. ಇದನ್ನು ಅನಗತ್ಯವೆಂದು ಬಿಡುವಂತಿಲ್ಲ. ಇನ್ಸುಲಿನ್ ಚುಚ್ಚಿಕೊಂಡು ಇಷ್ಟಲಿಂಗ ಪೂಜೆಗೆ ಕುಳಿತು ಪ್ರಸಾದ ತಡವಾದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಕುಸಿಯುತ್ತಿರುವುದನ್ನು ಮುಂಚೆಯೇ ತಿಳಿಸುವುದು ಆ ಸ್ಟ್ರಿಪ್ಪೇ. (ಪೂಜೆ ಮುಗಿಸಿದ ಮೇಲೆ ಚುಚ್ಚಿಕೊಳ್ಳುವ ಕ್ರಮವನ್ನು ವೈದ್ಯರೊಡನೆ ಮಾತಾಡಿ ಗೊತ್ತುಮಾಡಿಕೊಳ್ಳುವುದು ಒಳಿತು.)

ಸರಕಾರದ ನೆರವಿಲ್ಲವೇ ಎಂದರೆ, ಉಂಟು. 2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ಸಲ್ಲುತ್ತದೆ. ಆದರೆ ಇದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗಾಗಿ ರೂಪಿತವಾದದ್ದು. ಇನ್ಸುಲಿನ್ ಇಲ್ಲದೆ ತೀವ್ರ ನಿಗಾ ಘಟಕ ಸೇರಿದವನಿಗೆ ನೆರವಾಗುವ ವ್ಯವಸ್ಥೆಯು, ಆ ಸ್ಥಿತಿ ಬಾರದಂತೆ ಮನೆಯಲ್ಲಿ ನಿತ್ಯವೂ ಬೇಕಾದ ಸೀಸೆ, ಸೂಜಿ, ಸ್ಟ್ರಿಪ್‌ಗಳ ಖರ್ಚನ್ನು ಭರಿಸುವುದಿಲ್ಲ. ಮುಖ್ಯಮಂತ್ರಿಗಳ ಪರಿಹಾರ ನಿಧಿಯಿಂದ ಬರುವುದೂ ಒಂದು ಸಲದ ನೆರವು. ಆಸ್ಪತ್ರೆಯ ಬಿಲ್ಲು ಅಥವಾ ಅಂದಾಜು ವೆಚ್ಚದ ಪತ್ರ, ಪಡಿತರ ಚೀಟಿ, ಆಧಾರ್, ಬ್ಯಾಂಕ್ ಖಾತೆಯ ವಿವರಗಳೊಡನೆ ಅದಕ್ಕೆ ಅರ್ಜಿ ಸಲ್ಲಿಸಬಹುದು. ಸಾಲದಲ್ಲಿ ಮುಳುಗಿದ ಮನೆಗೆ ಅದು ದೊಡ್ಡ ಆಸರೆಯೇ. ನಿತ್ಯದ ಇನ್ಸುಲಿನ್ನಿಗೆ ಮಾತ್ರ ಮೊದಲು ತಾಲ್ಲೂಕು ಇಲ್ಲವೆ ಜಿಲ್ಲಾ ಆಸ್ಪತ್ರೆಯ ಅಸಾಂಕ್ರಾಮಿಕ ರೋಗಗಳ ವಿಭಾಗದಲ್ಲಿ ಹೆಸರು ನೋಂದಾಯಿಸಿ ಉಚಿತ ಪೂರೈಕೆಯ ಬಗ್ಗೆ ವಿಚಾರಿಸಬೇಕು. ಅಲ್ಲಿ ಮುಗಿದುಹೋಗಿದ್ದರೆ ಜನೌಷಧಿ ಕೇಂದ್ರ.

ದುಬಾರಿ ಪೆನ್ನಿನ ಇನ್ಸುಲಿನ್ ಬರೆದುಕೊಟ್ಟಿದ್ದರೆ, ಕೊಳ್ಳಲಾಗುತ್ತಿಲ್ಲವೆಂದು ವೈದ್ಯರಿಗೆ ನೇರವಾಗಿ ಹೇಳಬೇಕು. ಅಗ್ಗದ ಬಗೆಗೆ ಬದಲಿಸಿಕೊಡಲು ಅನೇಕರ ವಿಷಯದಲ್ಲಿ ಸಾಧ್ಯವಿದೆ. ಸಂಕೋಚದಿಂದ ಸುಮ್ಮನಿದ್ದು ಮೂರು ಹೊತ್ತಿನದನ್ನು ಎರಡು ಹೊತ್ತಿಗೆ ಇಳಿಸುವವರಿದ್ದಾರೆ. ಹಬ್ಬದ ಖರ್ಚನ್ನೋ ಬಟ್ಟೆಯ ಖರ್ಚನ್ನೋ ತಗ್ಗಿಸಿದಂತೆ ಇದನ್ನು ತಗ್ಗಿಸಲಾಗದು. ನಾಟಿ ಔಷಧಿಯ ಭರವಸೆಯಲ್ಲಿ ಇನ್ಸುಲಿನ್ ಪೂರ್ತಿ ನಿಲ್ಲಿಸಿದವರಿಗೆ ಕೆಲವೇ ದಿನಗಳಲ್ಲಿ ಕೀಟೋಆಸಿಡೋಸಿಸ್ ಬರಬಹುದು. ಬಗೆ ಬದಲಾದಾಗ ಸಿರಿಂಜನ್ನೂ ಗಮನಿಸಬೇಕು: 40 ಯೂನಿಟ್ಟಿನ ಸೀಸೆಗೆ ಕೆಂಪು ಮುಚ್ಚಳದ್ದು, 100ರದ್ದಕ್ಕೆ ಕಿತ್ತಳೆ ಮುಚ್ಚಳದ್ದು. ಅದಲುಬದಲಾದರೆ ಪ್ರಮಾಣ ಎರಡೂವರೆ ಪಟ್ಟು ಏರುಪೇರಾಗುತ್ತದೆ.

ಶ್ರೀಮಠಕ್ಕಾಗಲಿ ಊರಿನ ಸದ್ಭಕ್ತರಿಗಾಗಲಿ ಬಿನ್ನಹ ಮಾಡಿಕೊಳ್ಳುವವರು ‘ಚಿಕಿತ್ಸೆಗೆ ಎರಡು ಲಕ್ಷ ಬೇಕು’ ಎಂದು ದೊಡ್ಡ ಮೊತ್ತವನ್ನು ಬರೆಯುವುದಕ್ಕಿಂತ, ತಿಂಗಳಿಗೆ ಏನೇನು ಬೇಕು, ಅದರಲ್ಲಿ ಸರಕಾರಿ ಆಸ್ಪತ್ರೆಯಿಂದ ಎಷ್ಟು ದೊರೆಯುತ್ತದೆ, ಉಳಿದದ್ದಕ್ಕೆ ಎಷ್ಟು ಕೊರತೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ವೈದ್ಯರ ಚೀಟಿಯ ಪ್ರತಿಯನ್ನು ಲಗತ್ತಿಸಲಿ. ಮೊತ್ತ ಸಣ್ಣದು, ಅವಧಿ ದೀರ್ಘ. ಹತ್ತು ಮನೆಗಳು ಕೂಡಿದರೆ ಯಾರಿಗೂ ಹೊರೆಯಲ್ಲ. ಕೊಡುವವರು ಹಣವನ್ನು ನೇರವಾಗಿ ಔಷಧಿ ಅಂಗಡಿಗೆ ಪಾವತಿಸಿದರೆ ಕೇಳಿದವರ ಸಂಕೋಚವೂ ಉಳಿದವರ ಸಂಶಯವೂ ಕಡಿಮೆಯಾಗುತ್ತವೆ. ಕೊಟ್ಟೆನೆಂಬ ಭಾವ ಸೋಂಕದಿರುವುದೇ ದಾಸೋಹವೆಂದು ಬಲ್ಲ ನಮಗೆ ಇನ್ಸುಲಿನ್ನಿನ ಚರಿತ್ರೆಯೂ ಹತ್ತಿರದ್ದೆನಿಸೀತು. 1921ರಲ್ಲಿ ಟೊರಾಂಟೊದಲ್ಲಿ ಅದನ್ನು ಕಂಡುಹಿಡಿದ ತಂಡದವರು ಪೇಟೆಂಟನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟಿದ್ದರು.

ವರ್ಷದ ಔಷಧಿಯನ್ನು ಒಮ್ಮೆಗೇ ಕೊಡಿಸುವ ಉತ್ಸಾಹ ಬೇಡ. ತೆರೆಯದ ಸೀಸೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ತೆರೆದದ್ದನ್ನು ಸುಮಾರು ನಾಲ್ಕು ವಾರಗಳೊಳಗೆ ಬಳಸಿ ಮುಗಿಸಬೇಕು. ಫ್ರಿಜ್ ಇಲ್ಲದ ಮನೆಯಾದರೆ, ದೊಡ್ಡ ಮಣ್ಣಿನ ಮಡಕೆಯೊಳಗೆ ಚಿಕ್ಕದೊಂದನ್ನಿಟ್ಟು, ನಡುವಿನ ಮರಳನ್ನು ಒದ್ದೆಯಾಗಿರಿಸಿ, ಬಳಕೆಯಲ್ಲಿರುವ ಸೀಸೆಯನ್ನು ಒಳಗಿಡಬಹುದು. ಅಂಥ ಮನೆಗೆ ಒಂದು ತಿಂಗಳಿಗೆ ಬೇಕಾದಷ್ಟನ್ನು ಮಾತ್ರ, ಬಿಸಿಲೇರುವ ಮುನ್ನ ತಲುಪಿಸುವುದು ಲೇಸು.