ಆಪ್ತವಾಕ್ಯವೂ ಅಂಗಡಿಯ ಮಾತೂ

ನಮ್ಮ ಪಾಠಶಾಲೆಯಲ್ಲಿ ಓದಿ, ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಬೆಳೆದು, ಈಗ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಎರಡು ಸಿ.ಎನ್.ಸಿ. ಲೇತುಗಳ ಸಣ್ಣ ಕಾರ್ಖಾನೆಯೊಂದನ್ನು ನಡೆಸುತ್ತಿರುವ ಶಿಷ್ಯನೊಬ್ಬನು ಕೆಲವು ವರ್ಷಗಳ ಹಿಂದೆ ನನ್ನ ಮನೆಗೆ ಬಂದಿದ್ದನು. ಕುಶಲಪ್ರಶ್ನೆಗಳು ಮುಗಿದ ಮೇಲೆ, "ಗುರುಗಳೇ, ನನ್ನ ಕಾರ್ಖಾನೆಗೆ ಫೇಸ್‌ಬುಕ್ಕಿನಲ್ಲಿ ಒಂದು ಪುಟ ತೆರೆದಿದ್ದೇನೆ. ಓದಿದವರಿಗೆ ನಮ್ಮ ಮೇಲೆ ಗೌರವ ಹುಟ್ಟುವ ಹಾಗೆ ನಾಲ್ಕು ಸಾಲು ತಾವೇ ಬರೆದುಕೊಡಬೇಕು" ಎಂದು ಬೇಡಿದನು. ಶಿಷ್ಯವಾತ್ಸಲ್ಯದಿಂದಲೂ ಪಾಂಡಿತ್ಯದ ಚಾಪಲ್ಯದಿಂದಲೂ ನಾನು ನಾಲ್ಕು ಸಾಲುಗಳ ಬದಲು ಹದಿನಾಲ್ಕು ಸಾಲುಗಳನ್ನು ಬರೆದೆನು. 'ಅಗ್ರಗಣ್ಯ', 'ಅದ್ವಿತೀಯ', 'ಸರ್ವಜನಾದರಣೀಯ' ಮುಂತಾದ ವಿಶೇಷಣಗಳು ಅದರಲ್ಲಿ ಧಾರಾಳವಾಗಿದ್ದವು. ತಿಂಗಳು ಕಳೆದ ಮೇಲೆ ಅವನು ಮತ್ತೆ ಬಂದನು. ಪುಟವನ್ನು ನೋಡಿದ ಗಿರಾಕಿಯೊಬ್ಬರು ಬರೆದು ಕೇಳಿದ್ದುದು ಒಂದೇ ಪ್ರಶ್ನೆಯಂತೆ: "ನಿಮ್ಮ ಲೇತಿನಲ್ಲಿ ಹತ್ತು ಮೈಕ್ರಾನ್ ಒಳಗೆ ಅಳತೆ ಹಿಡಿಯುತ್ತದೆಯೇ?" ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ನನ್ನ ಹದಿನಾಲ್ಕು ಸಾಲುಗಳಲ್ಲಿ ಆ ಪ್ರಶ್ನೆಗೆ ಒಂದಕ್ಷರದ ಉತ್ತರವೂ ಇರಲಿಲ್ಲ.

ಅಂದಿನಿಂದ ಈ ವಿಷಯ ನನ್ನ ಮನಸ್ಸಿನಲ್ಲಿ ಸುಳಿಯುತ್ತಲೇ ಇದೆ. ಸಾಮಾಜಿಕ ಜಾಲತಾಣಗಳ ಮೂಲಕ ವ್ಯಾಪಾರಿಯು ಜನರ ವಿಶ್ವಾಸವನ್ನು ಗಳಿಸುವುದು ಹೇಗೆ, ಒಂದು ಉದ್ಯಮದ ಮಾತಿಗೆ ಪ್ರಾಮಾಣ್ಯ ಬರುವುದು ಯಾವುದರಿಂದ ಎಂಬುದು ನನ್ನಂತಹ ಕನ್ನಡ ಪಂಡಿತನಿಗೆ ಸಂಬಂಧಿಸಿದ ವಿಚಾರವಲ್ಲವೆಂದು ಓದುಗರು ಭಾವಿಸಬಹುದು. ಆದರೆ 'ಪ್ರಾಮಾಣ್ಯ'ವೆಂಬ ಮಾತು ನಮ್ಮದೇ ಶಾಸ್ತ್ರಗಳದು. ಯಾರ ಮಾತನ್ನು ನಂಬಬೇಕು, ಏಕೆ ನಂಬಬೇಕು ಎಂಬುದನ್ನು ನಮ್ಮ ನೈಯಾಯಿಕರು ಚರ್ಚಿಸಿದಷ್ಟು ಸೂಕ್ಷ್ಮವಾಗಿ ಚರ್ಚಿಸಿದವರು ವಿರಳ.

ನ್ಯಾಯದರ್ಶನದಲ್ಲಿ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳು. ಶಬ್ದವೆಂದರೆ ಆಪ್ತನ ಉಪದೇಶ. ಹಾಗಾದರೆ ಆಪ್ತನು ಯಾರು? ನ್ಯಾಯಸೂತ್ರಗಳಿಗೆ ಭಾಷ್ಯವನ್ನು ಬರೆದ ವಾತ್ಸ್ಯಾಯನರ ಅಭಿಪ್ರಾಯದಂತೆ, ವಸ್ತುವನ್ನು ಸಾಕ್ಷಾತ್ತಾಗಿ ಅರಿತವನು, ಅರಿತುದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತನು. ಈ ಲಕ್ಷಣವು ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನವೆಂದು ಅವರು ಸ್ಪಷ್ಟವಾಗಿ ಹೇಳಿದ್ದಾರೆ. ಹೇಳಿದವನ ಕುಲವನ್ನಾಗಲಿ ಮತವನ್ನಾಗಲಿ ಕೇಳಬೇಕಾಗಿಲ್ಲ. ಅವನಿಗೆ ತಿಳಿದಿದೆಯೇ, ತಿಳಿದಂತೆ ಹೇಳುತ್ತಿದ್ದಾನೆಯೇ ಎಂಬೆರಡೇ ಪ್ರಶ್ನೆಗಳು. ಈ ಮಾತನ್ನು ನಾನು ಎಷ್ಟೋ ವರ್ಷ ತರಗತಿಯಲ್ಲಿ ಪಾಠ ಹೇಳಿದ್ದೇನೆ. ಆದರೂ ಪರೀಕ್ಷೆಯ ಸಮಯದಲ್ಲಿ ನಾನೇ ಅನುತ್ತೀರ್ಣನಾದ ಪ್ರಸಂಗವನ್ನು ಇಲ್ಲಿ ಮುಚ್ಚಿಡದೆ ಹೇಳಬೇಕಾಗಿದೆ.

ಬೆಂಗಳೂರಿನಲ್ಲಿ ಇಡ್ಲಿ ದೋಸೆಗಳ ಹಿಟ್ಟನ್ನು ಪೊಟ್ಟಣದಲ್ಲಿ ಮಾರುವ 'ಐಡಿ ಫ್ರೆಶ್ ಫುಡ್' ಎಂಬ ಸಂಸ್ಥೆಯ ಹೆಸರನ್ನು ಓದುಗರು ಬಲ್ಲರು. ವಯನಾಡಿನ ಕೂಲಿಕಾರರೊಬ್ಬರ ಮಗನಾಗಿ ಹುಟ್ಟಿ ಎಂಜಿನಿಯರಿಂಗ್ ಓದಿದ ಪಿ. ಸಿ. ಮುಸ್ತಫಾ ಅವರು ತಮ್ಮ ಸೋದರಸಂಬಂಧಿಗಳೊಡನೆ 2005ರಲ್ಲಿ ಇದನ್ನು ಪ್ರಾರಂಭಿಸಿದರು. ತಿಪ್ಪಸಂದ್ರದಲ್ಲಿದ್ದ ಆ ಸಂಬಂಧಿಗಳ ದಿನಸಿ ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ ಮಾರುತ್ತಿದ್ದ ಹಿಟ್ಟಿನ ವಿಷಯದಲ್ಲಿ ಗಿರಾಕಿಗಳ ದೂರು ತಪ್ಪುತ್ತಿರಲಿಲ್ಲವಂತೆ. ಐವತ್ತು ಚದರ ಅಡಿಯ ಅಡಿಗೆಮನೆಯಲ್ಲಿ ರುಬ್ಬುವುದಕ್ಕೆ ತೊಡಗಿ, ದಿನಕ್ಕೆ ನೂರು ಪೊಟ್ಟಣಗಳ ಮಾರಾಟವನ್ನು ಮುಟ್ಟಲು ಒಂಬತ್ತು ತಿಂಗಳು ಹಿಡಿಯಿತೆಂದು ಮುಸ್ತಫಾ ಅವರೇ ಹೇಳಿಕೊಂಡಿದ್ದಾರೆ. ಮುಂದೆ ಇದು ನೂರಾರು ಕೋಟಿ ರೂಪಾಯಿಗಳ ಉದ್ಯಮವಾಗಿ ಬೆಳೆಯಿತು. ಎಲೆಕ್ಟ್ರಾನಿಕ್ ಸಿಟಿಯನ್ನೊಳಗೊಂಡ ಆನೇಕಲ್ ತಾಲ್ಲೂಕಿನಲ್ಲಿ ಅದರ ದೊಡ್ಡ ತಯಾರಿಕಾ ಘಟಕವು ತಲೆಯೆತ್ತಿತು. ಕಾವಲಿಲ್ಲದ ಶೀತಕಪೆಟ್ಟಿಗೆಗಳನ್ನು ವಸತಿ ಸಮುಚ್ಚಯಗಳಲ್ಲಿಯೂ ಕಚೇರಿಗಳಲ್ಲಿಯೂ ಇರಿಸಿ, ಬೇಕಾದವರು ಪೊಟ್ಟಣವನ್ನು ತೆಗೆದುಕೊಂಡು ಹಣವನ್ನು ಪಕ್ಕದ ಡಬ್ಬಿಯಲ್ಲಿ ಹಾಕಿ ಹೋಗುವ ಏರ್ಪಾಡನ್ನೂ ಈ ಸಂಸ್ಥೆಯವರು ಮಾಡಿದ್ದರು. ತಮ್ಮನ್ನು ನಂಬಿರೆಂದು ಜನರಿಗೆ ಹೇಳುವ ಮೊದಲು ತಾವು ಜನರನ್ನು ನಂಬಿ ತೋರಿಸುವ ಈ ಕ್ರಮ ನನಗೆ ಬಹಳ ಹಿಡಿಸಿತು.

2021ರ ಸೆಪ್ಟೆಂಬರ್ ತಿಂಗಳಿನಲ್ಲಿ ವಾಟ್ಸ್ಆಪ್ ಮೂಲಕ ಒಂದು ಸುದ್ದಿ ಊರೂರು ಸುತ್ತಿತು. ಆ ಸಂಸ್ಥೆಯವರು ಹಿಟ್ಟಿಗೆ ಹಸುವಿನ ಎಲುಬನ್ನೂ ಕರುವಿನ ಜಠರದ ಅಂಶವನ್ನೂ ಬೆರೆಸುತ್ತಾರೆಂಬುದೇ ಆ ಸುದ್ದಿ. ಒಡೆಯರ ಮತವನ್ನು ಎತ್ತಿ ಆಡಿದ ಮಾತುಗಳೂ ಅದರ ಜೊತೆಗಿದ್ದವು. ನನ್ನ ಕೈಗೂ ಅದು ಬಂದಿತು. ನಾವು ತಲೆಮಾರುಗಳಿಂದ ಶಾಕಾಹಾರಿಗಳು. ಮನೆಯಲ್ಲಿ ಅದೇ ಹಿಟ್ಟಿನ ದೋಸೆ ಆಗಾಗ ಆಗುತ್ತಿತ್ತು. ಮನಸ್ಸು ಕಲಕಿತು. ಹಿಂದು ಮುಂದು ನೋಡದೆ ಅದನ್ನು ಬಂಧುಗಳ ಬಳಗಕ್ಕೆ ದಾಟಿಸಿಬಿಟ್ಟೆನು. ಐದು ನಿಮಿಷ ಕಳೆದಿರಲಿಲ್ಲ, ವೈಟ್‌ಫೀಲ್ಡಿನಲ್ಲಿರುವ ಮಗಳು ದೂರವಾಣಿ ಮಾಡಿ, "ಅಪ್ಪಾ, ಇದನ್ನು ಹೇಳಿದವರು ಯಾರು?" ಎಂದಳು. "ಎಲ್ಲರೂ ಹೇಳುತ್ತಿದ್ದಾರಮ್ಮಾ" ಎಂದೆನು. "ನೋಡಿದವರು ಯಾರು ಅಂತ ಕೇಳಿದೆ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಮಗಳು ಕೇಳಿದ ಪ್ರಶ್ನೆ ಶಾಸ್ತ್ರದ್ದೇ. ಹೇಳಿದವರು ಯಾರೆಂಬ ನಿರ್ದೇಶವಿಲ್ಲದೆ ಬಾಯಿಂದ ಬಾಯಿಗೆ ಹರಿದುಬರುವ ಮಾತಿಗೆ 'ಐತಿಹ್ಯ'ವೆಂದು ಹೆಸರು. ಈ ಆಲದ ಮರದಲ್ಲಿ ಯಕ್ಷನಿದ್ದಾನೆ ಎಂಬ ಜನರ ಮಾತು ಅದಕ್ಕೆ ಹಳೆಯ ಉದಾಹರಣೆ. ಮೂಲದಲ್ಲಿ ಆಪ್ತನೊಬ್ಬನಿದ್ದಾನೆಂದು ಗೊತ್ತಾದರೆ ಅದು ಶಬ್ದಪ್ರಮಾಣದಲ್ಲಿ ಸೇರುತ್ತದೆ. ಗೊತ್ತಾಗದಿದ್ದರೆ ಸಂಶಯಾಸ್ಪದವಾಗಿಯೇ ಉಳಿಯುತ್ತದೆ, ಸಾವಿರ ಜನ ಹೇಳಿದರೂ ಪ್ರಮಾಣವಾಗುವುದಿಲ್ಲ. ವಾಟ್ಸ್ಆಪ್ ಸಂಸ್ಥೆಯವರು 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ದಾಟಿಸಬಹುದೆಂದು ಮಿತಿ ಹಾಕಿದರು; 2020ರಲ್ಲಿ, ಬಹಳ ಸಲ ಕೈದಾಟಿ ಬಂದುದನ್ನು ಒಮ್ಮೆಗೆ ಒಂದೇ ಕಡೆಗೆ ಎಂದು ಬಿಗಿಗೊಳಿಸಿದರು. ಅಂತಹ ಸಂದೇಶಗಳ ಮೇಲೆ ಜೋಡಿ ಬಾಣದ ಗುರುತು ಕಾಣಿಸುತ್ತದೆ. ಅದು ಐತಿಹ್ಯದ ಗುರುತೆಂದು ನಾನು ಈಗ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇನೆ.

ಆ ಸಂದರ್ಭದಲ್ಲಿ ಸಂಸ್ಥೆಯವರು ನಡೆದುಕೊಂಡ ರೀತಿಯು ಅಭ್ಯಾಸಯೋಗ್ಯವಾಗಿದೆ. ಅವರು ಮೌನವಹಿಸಲಿಲ್ಲ, ಬೈಗುಳಕ್ಕೂ ಇಳಿಯಲಿಲ್ಲ. ಸುದ್ದಿಯು ನಿರಾಧಾರವೆಂದೂ, ತಮ್ಮ ಹಿಟ್ಟು ಅಕ್ಕಿ, ಉದ್ದು, ಮೆಂತ್ಯ, ನೀರು ಮುಂತಾದ ಶಾಕಾಹಾರಿ ಪದಾರ್ಥಗಳಿಂದಷ್ಟೇ ಆದುದೆಂದೂ ತಮ್ಮ ಜಾಲತಾಣ ಪುಟಗಳಲ್ಲಿ ಪ್ರಕಟಿಸಿದರು. ಪೊಲೀಸರ ಸೈಬರ್ ಅಪರಾಧ ವಿಭಾಗಕ್ಕೆ ದೂರನ್ನೂ ಕೊಟ್ಟರು. ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ವ್ಯಾಪಾರಿಗೆ ತನ್ನ ಸರಕಿನ ಬಗ್ಗೆ ಸಾಕ್ಷಾತ್ ಜ್ಞಾನವಿದೆ, ನಿಜ. ಆದರೆ ಅವನು ಲಾಭಾಪೇಕ್ಷಿ. ಇದ್ದುದನ್ನು ಇದ್ದಂತೆ ಹೇಳುವ ಇಚ್ಛೆ ಅವನಿಗಿದೆಯೆಂದು ತಿಳಿಯುವುದು ಹೇಗೆ? ತರುವಾಯ ಸಂಸ್ಥೆಯವರು ಹಿಟ್ಟು ತಯಾರಾಗುವ ಕಾರ್ಖಾನೆಯ ಒಳಗನ್ನು ಕ್ಯಾಮರಾ ಇರಿಸಿ ಅಂತರಜಾಲದಲ್ಲಿ ಯಾರು ಬೇಕಾದರೂ ನೋಡಲೆಂದು ತೆರೆದಿಟ್ಟರು. ತರ್ಕದ ಪರಿಭಾಷೆಯಲ್ಲಿ ಹೇಳುವುದಾದರೆ, ಶಬ್ದದಿಂದ ಸಾಲದುದನ್ನು ಪ್ರತ್ಯಕ್ಷದಿಂದ ತುಂಬಿಕೊಟ್ಟರು. ಕ್ಯಾಮರಾ ತಿರುಗಿಸಿದ ಕಡೆಯನ್ನಷ್ಟೇ ತೋರಿಸುತ್ತದೆಯೆಂದು ಕುಹಕಿಗಳು ಹೇಳಬಹುದು. ಹೇಳಲಿ, ಬಾಗಿಲನ್ನೇ ತೆರೆಯದವನಿಗಿಂತ ಒಂದು ಕಿಟಕಿಯನ್ನು ತೆರೆದವನು ಮೇಲು.

ಇದೇನೂ ಹೊಸ ಉಪಾಯವಲ್ಲ. 1924ರಲ್ಲಿ ಪರಂಪಳ್ಳಿಯ ಮಯ್ಯ ಸೋದರರು ಬೆಂಗಳೂರಿನಲ್ಲಿ ಪ್ರಾರಂಭಿಸಿದ ಉಪಾಹಾರಗೃಹವೇ ಮುಂದೆ ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫನ್ ರೂಮ್ಸ್ ಎಂದು ಪ್ರಸಿದ್ಧವಾಯಿತು. ಅಲ್ಲಿ ಗಿರಾಕಿಗಳು ಅಡಿಗೆಮನೆಯನ್ನು ಹಾದು ಊಟದ ಕೋಣೆಗೆ ಹೋಗುವ ಪದ್ಧತಿಯಿತ್ತು. ನೆಲದ ಶುಭ್ರತೆ, ಪಾತ್ರೆಗಳ ಹೊಳಪು, ಬಾಣಸಿಗರ ಕೈ, ಎಲ್ಲವೂ ಉಣ್ಣುವವನ ಕಣ್ಣೆದುರಿಗೆ. 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಸರಕಾರವು ತಿಂಡಿಗಳ ಬೆಲೆಯನ್ನು ಬಹಳ ಕೆಳಗಿಳಿಸಿ ಗೊತ್ತುಮಾಡಿದಾಗ, ಹರಿಶ್ಚಂದ್ರ ಮಯ್ಯರು ಗುಣವನ್ನು ಇಳಿಸಲೊಪ್ಪದೆ, ದಿನದಿನದ ನಷ್ಟವನ್ನು ಬಾಗಿಲ ಹೊರಗಿನ ಫಲಕದ ಮೇಲೆ ಬರೆದು ತೋರಿಸುತ್ತಿದ್ದರೆಂದು ಹಳಬರು ಈಗಲೂ ನೆನೆಯುತ್ತಾರೆ. ಇಂದಿನ ಭಾಷೆಯಲ್ಲಿ ಅದನ್ನು 'ಪೋಸ್ಟ್' ಎನ್ನಬೇಕು! ತಾನು ಗೆದ್ದುದನ್ನು ಬರೆಯುವವರು ಬಹಳ ಮಂದಿ. ಸೋತ ಲೆಕ್ಕವನ್ನು ಬೀದಿಗೆ ಕಾಣುವಂತೆ ಬರೆಯುವುದಕ್ಕೆ ಎದೆ ಬೇಕು. ಆ ಸಂಕಷ್ಟದಲ್ಲಿ ಕೆಲಸಗಾರರನ್ನು ಉಳಿಸಿಕೊಳ್ಳುವುದಕ್ಕಾಗಿ ಸಿದ್ಧ ಹಿಟ್ಟು ಪುಡಿಗಳ ತಯಾರಿಕೆಯು ಬೆಳೆಯಿತು. ಎಂ.ಟಿ.ಆರ್. ಫುಡ್ಸ್ ಎಂಬ ಆ ಶಾಖೆಯು ಬೊಮ್ಮಸಂದ್ರದಲ್ಲಿ ಕಾರ್ಖಾನೆ ಹೂಡಿ, 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಸಂಸ್ಥೆಯ ವಶವಾಯಿತು.

ಹಣ ಕೊಟ್ಟು ಹೊಗಳಿಸಿಕೊಳ್ಳುವ ಮಾರ್ಗವೂ ಒಂದಿದೆ. ಅದನ್ನು ಕುರಿತು ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ. ಜಾಲತಾಣಗಳಲ್ಲಿ ಪ್ರಸಿದ್ಧರಾದವರು ಪ್ರತಿಫಲ ಪಡೆದು ಸರಕನ್ನು ಹೊಗಳುವಾಗ ಅದು ಜಾಹೀರಾತೆಂದು ಸ್ಪಷ್ಟವಾಗಿ ತಿಳಿಸಬೇಕೆಂದು ಭಾರತೀಯ ಜಾಹೀರಾತು ಮಾನಕ ಮಂಡಳಿಯು 2021ರಲ್ಲಿ ನಿಯಮ ಮಾಡಿತು. ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2023ರ ಜನವರಿಯಲ್ಲಿ ಇಂತಹುದೇ ಸೂಚನೆಗಳನ್ನು ಹೊರಡಿಸಿತು. ಗ್ರಾಹಕರ ಅಭಿಪ್ರಾಯಗಳ ವಿಷಯದಲ್ಲಿ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐ.ಎಸ್. 19000 ಎಂಬ ಮಾನಕವನ್ನು ಪ್ರಕಟಿಸಿತು. ಕೊಂಡುಕೊಂಡ ಅಭಿಪ್ರಾಯಗಳನ್ನೂ ಕೂಲಿಗೆ ಬರೆಸಿದ ಅಭಿಪ್ರಾಯಗಳನ್ನೂ ಪ್ರಕಟಿಸಬಾರದೆಂಬುದು ಅದರ ಆಶಯ. ಪಾಲನೆಯನ್ನು ಸ್ವಯಂಪ್ರೇರಣೆಗೆ ಬಿಡಲಾಗಿತ್ತು. ಶಿಷ್ಯನಿಗಾಗಿ ನಾನು ಬರೆದ ಹದಿನಾಲ್ಕು ಸಾಲುಗಳಿಗೆ ನಾನು ಕಾಸು ತೆಗೆದುಕೊಳ್ಳಲಿಲ್ಲವೆಂಬುದೊಂದೇ ಸಮಾಧಾನ. ಅವನ ಲೇತನ್ನು ಕಣ್ಣಿನಿಂದ ಕಾಣದೆಯೇ ಅದನ್ನು ಅದ್ವಿತೀಯವೆಂದು ಬರೆದವನು ಆಪ್ತನಂತೂ ಅಲ್ಲ.

ಆ ಬಳಿಕ ಒಂದು ದಿನ ಪೀಣ್ಯಕ್ಕೆ ಹೋಗಿ ಅವನ ಕಾರ್ಖಾನೆಯನ್ನು ನೋಡಿದೆನು. ಬೆಳ್ಳಿಯಂತೆ ಹೊಳೆಯುವ ಬುಷ್‌ಗಳು ಒಂದೊಂದಾಗಿ ಹೊರಬರುತ್ತಿದ್ದವು. ಹುಡುಗನೊಬ್ಬನು ಮೈಕ್ರೋಮೀಟರಿನಿಂದ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದನು. ನನ್ನ ಸಾಲುಗಳನ್ನೆಲ್ಲ ಅಳಿಸೆಂದು ಹೇಳಿದೆನು. ಈಗ ಆ ಪುಟದಲ್ಲಿ ಯಂತ್ರಗಳ ವಿವರ, ಹಿಡಿಯಬಲ್ಲ ಅಳತೆ, ಅಳತೆಯ ಪುಸ್ತಕದ ಚಿತ್ರ, ಕೆಲಸ ನಡೆಯುವಾಗ ತೆಗೆದ ಸಣ್ಣ ಚಲಚ್ಚಿತ್ರಗಳು ಇವೆ. ತಾನು ಮಾಡಲಾಗದ ಕೆಲಸ ಯಾವುದೆಂಬುದನ್ನೂ ಅವನು ಬರೆದಿದ್ದಾನೆ. ಅದು ಅವನದೇ ಬುದ್ಧಿ, ನಾನು ಹೇಳಿದ್ದಲ್ಲ.

ಕಳೆದ ವರ್ಷ ಅವನಿಗೊಂದು ಇಕ್ಕಟ್ಟು ಬಂದಿತು. ನಾನೂರು ಬುಷ್‌ಗಳ ಒಂದು ಸರಕಿನಲ್ಲಿ ಬಹುಪಾಲು ಅಳತೆ ತಪ್ಪಿ ತಿರಸ್ಕೃತವಾದವು. ತರಿಸಿಕೊಂಡವರು ಸಿಟ್ಟಿನಿಂದ ಅವನ ಪುಟದಲ್ಲಿಯೇ ಕಟುವಾಗಿ ಬರೆದರು. "ಗುರುಗಳೇ, ಅಳಿಸಿಬಿಡಲೇ? ಅಳಿಸುವುದಕ್ಕೆ ಒಂದು ಕ್ಷಣ ಸಾಕು" ಎಂದು ರಾತ್ರಿ ಹತ್ತು ಗಂಟೆಗೆ ದೂರವಾಣಿಯಲ್ಲಿ ಕೇಳಿದನು. ಬ್ಯಾಂಕಿನ ಸಾಲದ ಕಂತು, ಆರು ಜನ ಕೆಲಸಗಾರರ ಸಂಬಳ, ಎಲ್ಲವೂ ಅವನ ದನಿಯಲ್ಲಿತ್ತು. "ಅವರು ಬರೆದದ್ದು ಸುಳ್ಳೇನಪ್ಪಾ?" ಎಂದೆನು. "ಇಲ್ಲ ಗುರುಗಳೇ, ನಿಜ. ಟೂಲಿನ ಇನ್ಸರ್ಟ್ ಸವೆದದ್ದನ್ನು ಹುಡುಗರು ಗಮನಿಸಲಿಲ್ಲ" ಎಂದನು. "ಹಾಗಾದರೆ ಅದನ್ನೇ ಅದರ ಕೆಳಗೆ ಬರೆ" ಎಂದೆನು. ಹೇಳುವುದು ನನಗೆ ಸುಲಭ. ಕಂತು ಕಟ್ಟುವವನು ಅವನು.

ಅವನು ಬರೆದನು. ತಪ್ಪು ನಡೆದ ಬಗೆ, ನಾನೂರನ್ನೂ ತನ್ನ ಖರ್ಚಿನಲ್ಲಿ ಹೊಸದಾಗಿ ಮಾಡಿಕೊಡುವುದಾಗಿ ವಾಗ್ದಾನ, ಇಷ್ಟು ಜಾಗಕ್ಕೆ ಒಮ್ಮೆ ಇನ್ಸರ್ಟ್ ಬದಲಿಸುವ ಹೊಸ ಕಟ್ಟಳೆ, ಎಲ್ಲವೂ ಐದಾರು ವಾಕ್ಯಗಳಲ್ಲಿ. ಹೊಸ ಸರಕನ್ನು ಸ್ವೀಕರಿಸಿದ ಆ ಗಿರಾಕಿಗಳು ಮತ್ತೆ ಅವನ ಕಡೆಗೆ ಬರಲಿಲ್ಲ. ಆ ದೂರು ಇಂದಿಗೂ ಪುಟದಲ್ಲಿದೆ. ಅದರ ಕೆಳಗೆ ಅವನ ಉತ್ತರವೂ ಇದೆ. ಹೊಸದಾಗಿ ಕೆಲಸ ಕೊಡಲು ಬರುವವರು ಮೊದಲು ಅದನ್ನೇ ಓದಿಕೊಂಡು, ಇನ್ಸರ್ಟ್ ಬದಲಿಸಿದ ಪುಸ್ತಕವನ್ನು ತೋರಿಸೆಂದು ಕೇಳುತ್ತಾರಂತೆ.