ಕೈಕೊಡದ ಸಾಫ್ಟ್‌ವೇರ್ ಕಟ್ಟುವುದು ಹೇಗೆ?

1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂ ನೆಲೆಯಿಂದ ಮೊದಲ ಬಾರಿ ಮೇಲೇರಿದ ಏರಿಯಾನ್ 5 ರಾಕೆಟ್ ಸುಮಾರು 40 ಸೆಕೆಂಡಿನಲ್ಲಿ ಛಿದ್ರವಾಯಿತು. ಎಂಜಿನ್ ಕೆಟ್ಟಿರಲಿಲ್ಲ. ಏರಿಯಾನ್ 4ರಲ್ಲಿ ಚೆನ್ನಾಗಿ ದುಡಿದಿದ್ದ ಕೋಡನ್ನು ಹೊಸ ರಾಕೆಟ್ಟಿಗೆ ಹಾಗೇ ತಂದಿದ್ದರು. ಹೊಸದರ ವೇಗ ಹೆಚ್ಚು. 16 ಬಿಟ್ ಜಾಗದಲ್ಲಿ ಹಿಡಿಸದಷ್ಟು ದೊಡ್ಡ ಸಂಖ್ಯೆ ಬಂದು, ದಿಕ್ಕು ಲೆಕ್ಕಹಾಕುವ ಕಂಪ್ಯೂಟರ್ ಕೆಲಸ ನಿಲ್ಲಿಸಿತು. ಆಪತ್ತಿಗೆಂದು ಇಟ್ಟಿದ್ದ ಎರಡನೇ ಕಂಪ್ಯೂಟರಿನಲ್ಲೂ ಅದೇ ಕೋಡ್ ಇತ್ತು, ಅದೂ ಹಾಗೇ ನಿಂತಿತು. ‘ಈ ಸಂಖ್ಯೆ ಇಷ್ಟು ದೊಡ್ಡದಾಗದು’ ಎಂಬ ನಂಬಿಕೆ ಹಳೆಯ ರಾಕೆಟ್ಟಿನ ಮಟ್ಟಿಗೆ ನಿಜವಾಗಿತ್ತು, ಅಷ್ಟೇ.

ಆದ್ದರಿಂದ ಕೋಡ್ ಬರೆಯುವ ಮೊದಲು ನೀವು ನಂಬಿಕೊಂಡಿರುವುದನ್ನೆಲ್ಲ ಬರೆದಿಡಿ. ಕಾಲೇಜೊಂದಕ್ಕೆ ಶುಲ್ಕ ಕಟ್ಟುವ ಆ್ಯಪ್ ಮಾಡುತ್ತಿದ್ದೀರಿ ಎಂದುಕೊಳ್ಳಿ. ಒಬ್ಬ ವಿದ್ಯಾರ್ಥಿ ಎರಡು ಕಂತಿನಲ್ಲಿ ಕಟ್ಟಬಹುದೇ? ಕಟ್ಟಿದ್ದನ್ನು ವಾಪಸ್ ಪಡೆಯಬಹುದೇ? ಇದಕ್ಕೆ ಉತ್ತರ ಕೊಡಬೇಕಾದವರು ಕಾಲೇಜಿನ ಅಕೌಂಟ್ಸ್ ವಿಭಾಗದವರು. ಊಹಿಸಬೇಡಿ, ಕೇಳಿ.

ಹಣದ ಲೆಕ್ಕವನ್ನು ದಶಮಾಂಶದಲ್ಲಿ ಇಡಬೇಡಿ. ಜಾವಾಸ್ಕ್ರಿಪ್ಟ್, ಪೈಥಾನ್‌ಗಳಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಎಂದು ಬರುತ್ತದೆ. 1,250 ರೂಪಾಯಿ 50 ಪೈಸೆಯನ್ನು 125050 ಪೈಸೆ ಎಂದು ಪೂರ್ಣಾಂಕವಾಗಿಯೇ ಉಳಿಸಿ.

ಮುಂದಿನದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ವಿದ್ಯಾರ್ಥಿ ‘ಪಾವತಿಸಿ’ ಒತ್ತುತ್ತಾಳೆ. ಖಾತೆಯಿಂದ ಹಣ ಹೋಗುತ್ತದೆ, ಆದರೆ ಉತ್ತರ ಫೋನಿಗೆ ತಲುಪುವಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತದೆ. ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇದೆ. ಆಕೆ ಮತ್ತೆ ಒತ್ತುತ್ತಾಳೆ. ಎರಡನೇ ಸಲವೂ ಹಣ ಹೋದರೆ ತಪ್ಪು ಆಕೆಯದಲ್ಲ, ನಿಮ್ಮದು. ಇದಕ್ಕೆ ಪರಿಹಾರ ಸುಲಭ: ಪಾವತಿ ಶುರುವಾಗುವಾಗಲೇ ಅದಕ್ಕೊಂದು ಗುರುತಿನ ಸಂಖ್ಯೆ ಕೊಡಿ, ಎಷ್ಟು ಸಲ ಒತ್ತಿದರೂ ಅದೇ ಸಂಖ್ಯೆ ಹೋಗಲಿ. ಒಂದೇ ಸಂಖ್ಯೆ ಎರಡು ಸಲ ದಾಖಲಾಗದಂತೆ ಡೇಟಾಬೇಸಿನಲ್ಲೇ ನಿರ್ಬಂಧ ಹಾಕಿ. ಎರಡನೇ ಕೋರಿಕೆ ಬಂದಾಗ ಸರ್ವರ್ ಹೊಸ ಪಾವತಿ ಮಾಡದೆ, ಮೊದಲನೆಯದು ಏನಾಯಿತೆಂದು ಮಾತ್ರ ತಿಳಿಸಬೇಕು. ಉತ್ತರ ಬಾರದ ಪಾವತಿಯನ್ನು ‘ವಿಫಲ’ ಎಂದು ಬರೆಯಬೇಡಿ, ‘ಬಾಕಿ’ ಎಂದಿಟ್ಟು ಬ್ಯಾಂಕಿನ ಕಡೆಯಿಂದ ಖಚಿತಪಡಿಸಿಕೊಳ್ಳಿ.

ಟೆಸ್ಟ್ ಬರೆಯುವಾಗ ನಿಜವಾದ ಜನರನ್ನು ಮನಸ್ಸಿನಲ್ಲಿಡಿ. ‘ಕೃಷ್ಣಮೂರ್ತಿ’ ಎಂಬ ಹೆಸರು ಕಣ್ಣಿಗೆ ನಾಲ್ಕೇ ಅಕ್ಷರ. ಯೂನಿಕೋಡಿನಲ್ಲಿ ಅದು 11 ಸಂಕೇತ, ಯುಟಿಎಫ್-8ರಲ್ಲಿ 33 ಬೈಟ್. ಹೆಸರಿಗೆ 30 ಬೈಟ್ ಸಾಕೆಂದು ಜಾಗ ಬಿಟ್ಟರೆ ಇವರ ಅರ್ಜಿ ತಿರಸ್ಕೃತವಾಗುತ್ತದೆ, ಇಲ್ಲವೇ ಹೆಸರಿನ ಬಾಲ ಕತ್ತರಿಸಿಹೋಗುತ್ತದೆ. ಇನಿಶಿಯಲ್ ಮಾತ್ರ ಇರುವವರು, ಮನೆತನದ ಹೆಸರೇ ಇಲ್ಲದವರು, ಫೆಬ್ರವರಿ 29ರಂದು ಹುಟ್ಟಿದವರು ಎಲ್ಲರೂ ನಿಮ್ಮ ಟೆಸ್ಟಿನಲ್ಲಿರಲಿ. ಬಗ್ ಸಿಕ್ಕಿತೇ? ಅದು ಮರುಕಳಿಸುವಂಥ ಟೆಸ್ಟ್ ಮೊದಲು ಬರೆದು, ಆಮೇಲೆ ಸರಿಪಡಿಸಿ.

ಕೋಡ್ ರಿವ್ಯೂ ತಪ್ಪಿಸಬೇಡಿ. ಒಮ್ಮೆಗೆ ನೂರಿನ್ನೂರು ಸಾಲು ಕಳಿಸಿದರೆ ಸಹೋದ್ಯೋಗಿ ಮನಸ್ಸಿಟ್ಟು ಓದುತ್ತಾರೆ, ಸಾವಿರ ಸಾಲು ಕಳಿಸಿದರೆ ‘ಸರಿಯಿದೆ’ ಎಂದು ಒಪ್ಪಿಬಿಡುತ್ತಾರೆ.

ಸರ್ವರಿಗೆ ಹೊಸ ಕೋಡ್ ಹಾಕುವ ಕೆಲಸವನ್ನು ಸ್ಕ್ರಿಪ್ಟಿಗೆ ಬಿಡಿ. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಕಂಪನಿಯಲ್ಲಿ ಎಂಟು ಸರ್ವರುಗಳ ಪೈಕಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ. 2012ರ ಆಗಸ್ಟ್ 1ರಂದು ಆ ಒಂದು ಸರ್ವರಿನಲ್ಲಿ ಬಳಕೆ ತಪ್ಪಿದ್ದ ಹಳೆಯ ಕೋಡ್ ಎದ್ದು ಕೂತು ಬೇಡದ ಆರ್ಡರುಗಳನ್ನು ಕಳಿಸತೊಡಗಿತು. ಸುಮಾರು 45 ನಿಮಿಷದಲ್ಲಿ ಆದ ನಷ್ಟ 44 ಕೋಟಿ ಡಾಲರಿಗೂ ಹೆಚ್ಚು. ಬಳಸದ ಕೋಡನ್ನು ಅಳಿಸಿ. ಹೊಸದನ್ನು ಮೊದಲು ಕೆಲವೇ ಬಳಕೆದಾರರಿಗೆ ಬಿಡಿ, ಲಾಗ್ ನೋಡಿ, ಆಮೇಲೆ ಎಲ್ಲರಿಗೂ ಕೊಡಿ. ಹಳೆಯ ಆವೃತ್ತಿಗೆ ಮರಳುವ ದಾರಿಯನ್ನೂ ಮೊದಲೇ ಅಭ್ಯಾಸ ಮಾಡಿರಿ. ಶುಕ್ರವಾರ ಸಂಜೆ ಏನನ್ನೂ ಹಾಕದಿರುವುದು ಕ್ಷೇಮ.

ಕೊನೆಯದು ಬ್ಯಾಕಪ್. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರೊಬ್ಬರ ಕೈಯಿಂದ ಮುಖ್ಯ ಡೇಟಾಬೇಸೇ ಅಳಿಸಿಹೋಯಿತು. ನೆಚ್ಚಿಕೊಂಡಿದ್ದ ಬ್ಯಾಕಪ್ ವ್ಯವಸ್ಥೆ ಎಷ್ಟೋ ದಿನಗಳಿಂದ ಕೆಲಸವನ್ನೇ ಮಾಡುತ್ತಿರಲಿಲ್ಲ ಎಂಬುದು ಆಗ ತಿಳಿಯಿತು. ಸುಮಾರು ಆರು ಗಂಟೆ ಹಳೆಯ ಒಂದು ಪ್ರತಿ ಸಿಕ್ಕಿದ್ದರಿಂದ ಬಚಾವಾದರು. ನಡೆದದ್ದನ್ನೆಲ್ಲ ಕಂಪನಿ ಬಹಿರಂಗವಾಗಿ ಬರೆದು ಪ್ರಕಟಿಸಿತು. ಎಡವಟ್ಟಾದಾಗ ‘ಯಾರು ಮಾಡಿದ್ದು’ ಎಂಬುದಕ್ಕಿಂತ ‘ಹೇಗೆ ಸಾಧ್ಯವಾಯಿತು’ ಎಂದು ಕೇಳುವ ತಂಡದಲ್ಲಿ ಯಾರೂ ತಪ್ಪು ಮುಚ್ಚಿಡುವುದಿಲ್ಲ.

ನಿಮ್ಮ ಬ್ಯಾಕಪ್‌ನಿಂದ ಡೇಟಾ ಮರಳಿ ಬರುತ್ತದೆಯೇ? ಈ ವಾರವೇ ಬೇರೊಂದು ಕಂಪ್ಯೂಟರಿನಲ್ಲಿ ಅದನ್ನು ರಿಸ್ಟೋರ್ ಮಾಡಿ, ಹಿಡಿದ ಸಮಯವನ್ನು ಬರೆದಿಡಿ.